ತಂತಿಯ ಕೆಳಗಿನ ಹೊಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲಗಳ ಮೇಲೆ ವಿದ್ಯುತ್ತಿನ ತಂತಿಗಳು ಹಾಯ್ದಿರುವುದನ್ನು ವಾಚಕರು ಕಂಡಿರಬಹುದು. ಉತಾರದಲ್ಲಿ ಹೆಸರು ಒಡೆಯನದೇ ಉಳಿಯುವುದು. ಆದರೆ ತಂತಿಯ ಕೆಳಗೆ ಮನೆ ಕಟ್ಟುವಂತಿಲ್ಲ, ಎತ್ತರದ ಮರ ಬೆಳೆಸುವಂತಿಲ್ಲ. ಹಾನಿ ಆದಷ್ಟು ಕಡಮೆಯಾಗಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಸಲ್ಲಬೇಕು ಎಂಬುದು ೧೮೮೫ರ ಟೆಲಿಗ್ರಾಫ್ ಕಾಯಿದೆಯಿಂದ ಬಂದ ನಿಯಮ.

೨೦೧೫ರಲ್ಲಿ ಕೇಂದ್ರ ಸರಕಾರವು ಗೋಪುರ ನಿಂತ ನೆಲಕ್ಕೆ ಭೂಮಿಯ ಬೆಲೆಯ ಶೇಕಡಾ ೮೫, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ೧೫ ಎಂದು ಸೂಚಿಸಿತು. ೨೦೨೪ರಲ್ಲಿ ಅವನ್ನು ೨೦೦ ಮತ್ತು ೩೦ಕ್ಕೆ ಏರಿಸಿತು. ಇವು ಸೂಚನೆಗಳು ಮಾತ್ರ. ರಾಜ್ಯವು ಒಪ್ಪಿದ ದರವೇ ನಡೆಯುವುದು.

ಆದುದರಿಂದ ಕೆಲಸ ತೊಡಗುವ ಮುನ್ನವೇ ಬೆಳೆ, ಮರಗಳನ್ನು ಎಣಿಸಿ ಬರೆಯಿಸಿ, ಪಂಚನಾಮೆಯ ನಕಲು ಪಡೆಯಿರೆಂದು ಒಡೆಯರಿಗೆ ನಾವು ಹೇಳುವೆವು. ಪರಿಹಾರ ಸಾಲದೆಂದು ತೋರಿದರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬಹುದು. ಬರಹದಲ್ಲಿಲ್ಲದ ನಷ್ಟಕ್ಕೆ ಅಲ್ಲಿ ಸಾಕ್ಷಿ ನುಡಿಯುವವರಾರು?