ನಿಂತಂತೆ ತೋರುವ ಗಾಲಿ

ಕತ್ತಲಾದ ಮೇಲೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮೋಟಾರು ನಡೆಸುವ ರೈತಬಾಂಧವರು ಒಂದು ಸೋಜಿಗವನ್ನು ಕಂಡಿರಬಹುದು. ಭರದಿಂದ ತಿರುಗುವ ಗಾಲಿಯ ಅರಗಳು ಒಮ್ಮೆ ಮೆಲ್ಲನೆ ಹಿಂದಕ್ಕೆ ಸರಿದಂತೆ, ಒಮ್ಮೆ ನಿಂತೇ ಬಿಟ್ಟಂತೆ ತೋರುವುದುಂಟು. ಇದರಲ್ಲಿ ಮಾಟವೇನೂ ಇಲ್ಲ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುತ್ತದೆ. ಆ ಒಂದೊಂದು ಸಲಕ್ಕೂ ಹಳೆಯ ಚೋಕಿನ ಟ್ಯೂಬು ಎರಡು ಬಾರಿ ಬೆಳಗಿ ಮಂಕಾಗುವುದರಿಂದ ಸೆಕೆಂಡಿಗೆ 100 ಮಿನುಗು ಆಯಿತು. ಅಗ್ಗದ ಎಲ್‌ಇಡಿ ದೀಪಗಳಲ್ಲಿ ಎಷ್ಟೋ ಹೀಗೆಯೇ. ತಂತಿಯ ಬಲ್ಬಿನ ಕಾವು ಅಷ್ಟು ಬೇಗ ಆರದ ಕಾರಣ ಅದರಲ್ಲಿ ಈ ಆಟ ಕಡಮೆ.

ನಾಲ್ಕು ಅರಗಳ ಗಾಲಿ ಮಿನಿಟಿಗೆ 1500 ಸುತ್ತು ತಿರುಗುತ್ತಿದೆಯೆನ್ನಿ. ಒಂದು ಮಿನುಗಿನಿಂದ ಇನ್ನೊಂದಕ್ಕೆ ಅದು ಸರಿಯಾಗಿ ಕಾಲು ಸುತ್ತು ಸರಿದಿರುತ್ತದೆ. ಮುಂದಿನ ಅರವಿದ್ದ ಜಾಗಕ್ಕೆ ಹಿಂದಿನದು ಬಂದು ನಿಂತಿರುತ್ತದೆ. ಅರಗಳೆಲ್ಲ ಒಂದೇ ತರಹ ಇರಲಾಗಿ ಕಣ್ಣಿಗೆ ಗಾಲಿ ಅಲುಗಿದ್ದೇ ತಿಳಿಯದು. ನಿಂತಿದೆಯೆಂದು ನಂಬಿ ಕೈಯಿಟ್ಟವನ ಬೆರಳು ಉಳಿಯಲಾರದು. ಇದೇ ಭಯದಿಂದ ಕಾರಖಾನೆಗಳಲ್ಲಿ ಅಕ್ಕಪಕ್ಕದ ದೀಪಗಳನ್ನು ಬೇರೆ ಬೇರೆ ಫೇಜುಗಳಿಗೆ ಹಂಚಿ ಹಾಕುವ ರೂಢಿಯುಂಟು. ಒಂದು ಮಂಕಾದಾಗ ಇನ್ನೊಂದು ಬೆಳಗಿರುತ್ತದೆ. ಕಣಿಕೆ ಕತ್ತರಿಸುವ ಯಂತ್ರದ ಮೇಲೆ ಒಂದು ತಂತಿಯ ಬಲ್ಬು, ಗಾಲಿಗೆ ಜಾಲರಿ, ಕೈಹಾಕುವ ಮುನ್ನ ಸ್ವಿಚ್ಚು ತೆಗೆದು ಫ್ಯೂಜು ಕೀಳುವ ಅಭ್ಯಾಸ, ಇಷ್ಟನ್ನು ನಾವೂ ಮಾಡಬಹುದು.

ಈ ಭ್ರಮೆಯನ್ನೇ ಕೆಲಸಕ್ಕೆ ಹಚ್ಚಿದ ಉಪಕರಣದ ಹೆಸರು ಸ್ಟ್ರೋಬೋಸ್ಕೋಪು. 1832ರಲ್ಲಿ ಬೆಲ್ಜಿಯಮಿನ ಪ್ಲಾಟೋ, ವಿಯೆನ್ನಾದ ಸ್ಟಾಂಫರ್ ಇಬ್ಬರೂ ಬೇರೆ ಬೇರೆಯಾಗಿ ಸೀಳುಗಳುಳ್ಳ ತಟ್ಟೆಗಳನ್ನು ಮಾಡಿದರು. ಆಗ ಅದೊಂದು ಆಟಿಕೆ. 1931ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ವಿದ್ಯಾಲಯದ ಹೆರಾಲ್ಡ್ ಎಡ್ಜರ್ಟನ್ ವಿದ್ಯುತ್ ಮೋಟಾರುಗಳ ಚಲನೆಯನ್ನು ನೋಡಲೆಂದು, ಕಣ್ಣೆವೆಯಿಕ್ಕುವುದಕ್ಕಿಂತ ಎಷ್ಟೋ ಪಾಲು ಬೇಗ ಮಿಂಚಿ ಆರುವ ದೀಪವನ್ನು ಸಿದ್ಧಪಡಿಸಿದರು.

ದೀಪಕ್ಕೆ ಯಾವ ಕ್ಷಣದಲ್ಲಿ ಮಿಂಚಬೇಕೆಂದು ಹೇಳುವವರು ಯಾರು? ಜಾಣತನವೆಲ್ಲ ಇಲ್ಲಿಯೇ ಇದೆ. ಗುಂಡಿ ತಿರುವಿ ವೇಗ ಹೊಂದಿಸುವುದು ಒಂದು ರೀತಿ. ಆದರೆ ಯಂತ್ರದ ಅರ್ಧ ವೇಗಕ್ಕೆ ಮಿಂಚಿಸಿದರೂ ಸುಣ್ಣದ ಗುರುತು ನಿಂತಂತೆಯೇ ತೋರಿ ಲೆಕ್ಕ ತಪ್ಪುತ್ತದೆ. ಆದುದರಿಂದ ಹೆಚ್ಚಿನ ವೇಗದಿಂದ ಇಳಿಸುತ್ತ ಬರಬೇಕು. ಗುರುತು ಒಂದೇ ಒಂದಾಗಿ ಮೊದಲು ನಿಲ್ಲುವ ವೇಗವೇ ನಿಜವಾದದ್ದು. ಇನ್ನೊಂದು ರೀತಿಯಲ್ಲಿ ಯಂತ್ರವೇ ದೀಪಕ್ಕೆ ಅಪ್ಪಣೆ ಕೊಡುತ್ತದೆ. ಅಚ್ಚಿಗೆ ಹೊಳೆಯುವ ಪಟ್ಟಿಯ ಚೂರೊಂದನ್ನು ಅಂಟಿಸಿ ಎದುರಿಗೆ ಬೆಳಕನ್ನು ಗುರುತಿಸುವ ಕಣ್ಣೊಂದನ್ನಿಟ್ಟರೆ, ಸುತ್ತಿಗೊಂದು ಸೂಚನೆ ಹೋಗಿ ದೀಪ ಸುತ್ತಿಗೊಮ್ಮೆ ಮಿಂಚುವುದು. ಮೋಟಾರಿನ ವೇಗ ಏರಿಳಿದರೂ ಚಿತ್ರ ಕದಲದು. ಸೂಚನೆ ಬಂದ ಮೇಲೆ ಚೂರು ತಡಮಾಡಿ ಮಿಂಚಿಸಿದರೆ ಸುತ್ತಿನ ಬೇರೆ ಹಂತವನ್ನು ನೋಡಬಹುದು. ಪೆಟ್ರೋಲು ಎಂಜಿನ್ನಿನ ಮೇಸ್ತ್ರಿಗಳು ಪ್ಲಗ್ಗಿನ ತಂತಿಯಿಂದ ಸೂಚನೆ ಪಡೆಯುವ ದೀಪ ಹಿಡಿದು ಕಿಡಿಯ ಹೊತ್ತನ್ನು ಸರಿಪಡಿಸುವುದೂ ಹೀಗೆಯೇ.

ಪಟ್ಟಾ ಜಾರುವುದನ್ನು ಇದು ಚೆನ್ನಾಗಿ ಹಿಡಿದುಕೊಡುತ್ತದೆ. ಸಮಗಾತ್ರದ ಎರಡು ಗಾಲಿಗಳಿಗೂ ಗುರುತು ಹಾಕಿ ಮೋಟಾರಿನ ಗಾಲಿಯಿಂದ ದೀಪಕ್ಕೆ ಸೂಚನೆ ಕೊಟ್ಟರೆ, ಅದರ ಗುರುತು ನಿಂತಿರುವಾಗ ಪಂಪಿನ ಗಾಲಿಯದು ಹಿಂದಕ್ಕೆ ಸರಿಯುತ್ತ ಹೋಗುವುದು. ಎಷ್ಟು ಸರಿಯಿತೋ ಅಷ್ಟು ಪಟ್ಟಾ ಜಾರಿತು.

ಇಂಥ ದೀಪ ನಮ್ಮಲ್ಲಿಲ್ಲದಿದ್ದರೂ ಟ್ಯೂಬ್‌ಲೈಟಿದೆಯಲ್ಲ! ಬಿಳಿ ಕಾಗದದ ವೃತ್ತವನ್ನು ಎಂಟು ಸಮಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು ಬಳಿಯಿರಿ; ಏಳನೆಯ ಇಯತ್ತೆಯ ಹುಡುಗನಿಗೂ ಬರುವ ಕೆಲಸ. ಫ್ಯೂಜು ಕಿತ್ತು, ಮೋಟಾರಿನ ಗಾಲಿಯ ಹೊರಮೈಗೆ ನಟ್ಟನಡುವೆ ಬರುವಂತೆ ಅಂಟಿಸಿ. ಒಂದೇ ಟ್ಯೂಬಿನ ಬೆಳಕಿರಲಿ, ಹಳೆಯ ಚೋಕಿನದೇ ಆಗಲಿ. ಎಲೆಕ್ಟ್ರಾನಿಕ್ ಚೋಕಿನದು ನಡೆಯದು. ಧೋತರದ ಚುಂಗು, ಸೆರಗು ಕಟ್ಟಿಕೊಂಡು ದೂರ ನಿಂತೇ ನೋಡಬೇಕು. ತಗಡಿನ ಮೇಲೆ 1440 ಸುತ್ತು ಎಂದು ಬರೆದ ಮೋಟಾರಾದರೆ ಕಪ್ಪು ಭಾಗಗಳು ಮೆಲ್ಲಗೆ ಹಿಂದಕ್ಕೆ ನಡೆಯುವುವು. ಒಂದು ಗೊತ್ತಾದ ಜಾಗವನ್ನು 15 ಸೆಕೆಂಡಿನಲ್ಲಿ ಎಷ್ಟು ಕಪ್ಪು ಭಾಗ ದಾಟಿದವೆಂದು ಎಣಿಸಿರಿ. ಒಬ್ಬರು ಗಡಿಯಾರ ಹಿಡಿದರೆ ಸುಲಭ. ಆ ಎಣಿಕೆಯನ್ನು 1500ರಲ್ಲಿ ಕಳೆದರೆ ಮಿನಿಟಿನ ಸುತ್ತು ಸಿಕ್ಕಿತು. ಪೂರ್ತಿ ಹೊರೆಯಲ್ಲಿ ಎಣಿಕೆ 60ರ ಆಸುಪಾಸು ಇರತಕ್ಕದ್ದು. ಬಹಳ ಮೀರಿದರೆ ಒಂದೋ ವೋಲ್ಟೇಜು ಬಿದ್ದಿದೆ, ಇಲ್ಲವೆ ಹೊರೆ ಹೆಚ್ಚಾಗಿದೆ. ಸುರುಳಿ ಕಾಯುವ ಮೊದಲೇ ನಿಲ್ಲಿಸಿ ಕಾರಣ ಹುಡುಕುವುದು ಲೇಸು. ಹೊಸ ಸುರುಳಿ ಸುತ್ತಿಸುವ ಖರ್ಚು ಎಲ್ಲರಿಗೂ ಗೊತ್ತಿದ್ದದ್ದೇ.

2880 ಸುತ್ತಿನ ಮೋಟಾರಿಗೆ ವೃತ್ತದಲ್ಲಿ ಎರಡೇ ಕಪ್ಪು ಭಾಗ ಸಾಕು. 30 ಸೆಕೆಂಡು ಎಣಿಸಿ 3000ದಲ್ಲಿ ಕಳೆಯಿರಿ. ಹಿಂದೆ ಬೀಸಣಿಗೆಯ ಮುಚ್ಚಳವಿರುವ ಮೊನೊಬ್ಲಾಕ್ ಪಂಪಿನಲ್ಲಿ ಆ ಮುಚ್ಚಳ ಬಿಚ್ಚಿ ನೋಡುವ ಸಾಹಸ ಮಾತ್ರ ಬೇಡ.