ಮಲ್ಲಿಗೆಗೆ ಕತ್ತರಿ, ಇಎಂಐಗೆ ಸಲಾಂ: ಕೈ ಬಿಗಿ ಹಿಡಿಯುವಾಗ ನಾವು ಎಡವುತ್ತಿರುವುದು ಎಲ್ಲಿ?

ಭಟ್ಕಳ: ಯಾಪಾರ ಹೇಗಿದೆ ಎಂದು ಯಾವ ಅಂಗಡಿ ಮುಂದೆ ನಿಂತು ಕೇಳಿದರೂ ಈಗ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ. "ಎಂಥ ಯಾಪಾರ ಮಾರಾಯ್ರೆ, ಜನ ಬರ್ತಾರೆ, ರೇಟ್ ಕೇಳ್ತಾರೆ, ಹೋಗ್ತಾರೆ." ಭಟ್ಕಳದ ಮೇನ್ ರೋಡ್ ಇರಲಿ, ಹೊನ್ನಾವರದ ಬಜಾರ್ ಇರಲಿ, ಕುಮಟಾದ ಗಿಬ್ ಸರ್ಕಲ್ ಆಸುಪಾಸು ಇರಲಿ, ಮಾತು ಬದಲಾಗುವುದಿಲ್ಲ.

ಇತ್ತ ಮನೆಗಳಲ್ಲಿ ನಡೆಯುತ್ತಿರುವುದು ಅದರದ್ದೇ ಇನ್ನೊಂದು ಮುಖ. ಖರ್ಚು ಕಮ್ಮಿ ಮಾಡಬೇಕು ಎಂಬ ಮಾತು ಬಂದ ಕೂಡಲೇ ಮೊದಲು ಕತ್ತರಿ ಬೀಳುವುದು ಒಂದು ಮೊಳ ಮಲ್ಲಿಗೆಗೆ. ಆಮೇಲೆ ಸಂಜೆಯ ಚಾ-ಬನ್ಸ್‌ಗೆ, ಮಕ್ಕಳ ಐಸ್‌ಕ್ರೀಮ್‌ಗೆ, ಭಾನುವಾರದ ಬೀಚ್‌ಗೆ. ಮೊಬೈಲಿನ ಇಎಂಐ, ಬೈಕಿನ ಸಾಲ, ಸಾಲ ಮಾಡಿ ಮಾಡುವ ಮದುವೆಯ ಊಟದ ಎಲೆ ಲೆಕ್ಕ ಮಾತ್ರ ಹಾಗೇ ಇರುತ್ತದೆ. ಎಡವಟ್ಟು ಶುರುವಾಗುವುದೇ ಇಲ್ಲಿ.

ಮೂರು ಕಡೆಯಿಂದ ಬರುವ ಹಣ, ಮೂರೂ ಕೈಕೊಡುವ ಹಣ

ಈ ಮೂರು ತಾಲೂಕಿನ ಪೇಟೆಗಳು ನಡೆಯುವುದು ಮುಖ್ಯವಾಗಿ ಗಲ್ಫ್, ಸಮುದ್ರ ಮತ್ತು ಅಡಿಕೆ ತೋಟದ ದುಡ್ಡಿನಲ್ಲಿ. ಜೊತೆಗೆ ಮುರ್ಡೇಶ್ವರ, ಗೋಕರ್ಣದ ಪ್ರವಾಸಿಗರು. ಇದರಲ್ಲಿ ಯಾವುದೂ ತಿಂಗಳ ಒಂದನೇ ತಾರೀಕಿಗೆ ಸರಿಯಾಗಿ ಬಂದು ಬೀಳುವ ಸಂಬಳವಲ್ಲ.

ಗಲ್ಫ್ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಒಂದು ಲೆಕ್ಕ ನೆನಪಿಸಿಕೊಳ್ಳಬೇಕು. ಸೌದಿ ಅರೇಬಿಯಾ 2017ರ ಜುಲೈನಿಂದ ಕುಟುಂಬವನ್ನು ಜೊತೆಗಿಟ್ಟುಕೊಂಡ ವಿದೇಶಿ ನೌಕರರ ಮೇಲೆ ಶುಲ್ಕ ಹಾಕಿತು. ಮೊದಲು ಒಬ್ಬ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್. ವರ್ಷ ವರ್ಷ 100 ಏರುತ್ತ 2020ಕ್ಕೆ 400 ರಿಯಾಲ್ ಆಯಿತು. ಹೆಂಡತಿ, ಮೂರು ಮಕ್ಕಳಿದ್ದರೆ ವರ್ಷಕ್ಕೆ 19,200 ರಿಯಾಲ್ ಬರೀ ಶುಲ್ಕ. ಸಣ್ಣ ಸಂಬಳದವರು ಮನೆಯವರನ್ನು ಊರಿಗೆ ಕಳಿಸಿದರು. ಅದೇ 2020ರ ಜುಲೈನಲ್ಲಿ ಅಲ್ಲಿ ವ್ಯಾಟ್ ಶೇ.5ರಿಂದ ಶೇ.15ಕ್ಕೆ ಜಿಗಿಯಿತು. ಊರಿಗೆ ಕಳಿಸುವ ದುಡ್ಡಿನಲ್ಲಿ ಅಷ್ಟು ಕಡಿಮೆಯಾಯಿತು.

ಸಮುದ್ರದ್ದು ಇನ್ನೂ ನೇರ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟ್ ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿ ಒಳಗಿನ ನಾಡದೋಣಿಗೆ ವಿನಾಯಿತಿ ಇದೆ, ಆದರೆ ಆಷಾಢದ ಕಡಲು ವಿನಾಯಿತಿ ಕೊಡಬೇಕಲ್ಲ! ಬೋಟ್ ನಿಂತರೆ ಐಸ್ ಫ್ಯಾಕ್ಟರಿ, ಡೀಸೆಲ್ ಬಂಕ್, ಬಂದರಿನ ಹೋಟೆಲ್, ಟೆಂಪೋ ಎಲ್ಲವೂ ನಿಧಾನ. ಅಡಿಕೆಗೆ ಅದೇ ಹೊತ್ತಿಗೆ ಕೊಳೆರೋಗದ ಭಯ.

ಎಲ್ಲರೂ ಒಟ್ಟಿಗೆ ಉಳಿಸಿದರೆ?

ಆದಾಯ ಕಮ್ಮಿಯಾದಾಗ ಒಂದು ಮನೆ ಖರ್ಚು ಇಳಿಸಿದರೆ ಅದು ಜಾಣತನ. ಊರಿಗೆ ಊರೇ ಒಂದೇ ತಿಂಗಳಲ್ಲಿ ಇಳಿಸಿದರೆ ಲೆಕ್ಕ ಬೇರೆಯಾಗುತ್ತದೆ. ಬಟ್ಟೆ ಅಂಗಡಿಯವ ಹುಡುಗನನ್ನು ಕೆಲಸದಿಂದ ಬಿಡಿಸುತ್ತಾನೆ. ಆ ಹುಡುಗನ ಮನೆಯವರು ಕಿರಾಣಿ ಕಮ್ಮಿ ತರುತ್ತಾರೆ. ಕಿರಾಣಿಯವ ಮಗಳಿಗೆ ಹಬ್ಬಕ್ಕೆ ಬಟ್ಟೆ ಕೊಡಿಸುವುದಿಲ್ಲ. ಸುತ್ತು ಹೊಡೆದು ಪೆಟ್ಟು ಬಟ್ಟೆ ಅಂಗಡಿಗೇ ವಾಪಸ್. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ಬರೆದ ಪುಸ್ತಕದಿಂದ ಈ ವಿಚಾರ ಜಗತ್ತಿಗೆಲ್ಲ ಗೊತ್ತಾಯಿತು. ಮೇನ್ ರೋಡಿನಲ್ಲಿ ಅಂಗಡಿ ಇಟ್ಟವರಿಗೆ ಪುಸ್ತಕ ಓದದೆಯೂ ಗೊತ್ತು.

2020-21ರಲ್ಲಿ ದೇಶ ಪೂರ್ತಿ ಇದನ್ನು ನೋಡಿತು. ಕೋವಿಡ್ ವರ್ಷ, ಆರ್ಥಿಕತೆಯೇ ಕುಗ್ಗಿದ ವರ್ಷ, ಆದರೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಮನೆಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ.11ಕ್ಕಿಂತ ಮೇಲೆ ಏರಿತ್ತು. ಭಯಕ್ಕೆ ಉಳಿಸಿದವರು ಕೆಲವರು, ಖರ್ಚು ಮಾಡಲು ಅಂಗಡಿಯೇ ತೆರೆದಿಲ್ಲದೆ ಉಳಿಸಿದವರು ಹಲವರು. ಎರಡೇ ವರ್ಷದಲ್ಲಿ, 2022-23ಕ್ಕೆ, ಅದು ಶೇ.5ರ ಆಸುಪಾಸಿಗೆ ಕುಸಿಯಿತು. ಬೆಲೆ ಏರಿತ್ತು, ಸಾಲವೂ ಏರಿತ್ತು. ಒಮ್ಮೆ ಪೂರ್ತಿ ಬಿಗಿ, ಒಮ್ಮೆ ಪೂರ್ತಿ ಸಡಿಲ.

ಭಟ್ಕಳಕ್ಕೆ ಆ ಪೆಟ್ಟು ಸ್ವಲ್ಪ ಜೋರಾಗಿಯೇ ಬಿತ್ತು. ರಂಜಾನ್ ಮಾರ್ಕೆಟ್ ಅಂದರೆ ಇಲ್ಲಿನ ಸಣ್ಣ ವ್ಯಾಪಾರಿಗಳಿಗೆ ಅರ್ಧ ವರ್ಷದ ದುಡಿಮೆ. ಹೊನ್ನಾವರ, ಕುಮಟಾ ಕಡೆಯಿಂದಲೂ, ಜಾತಿ ಧರ್ಮ ನೋಡದೆ ಜನ ಬರುವ ಸಂತೆ ಅದು. 2020ರ ರಂಜಾನ್ ಲಾಕ್‌ಡೌನಿನಲ್ಲೇ ಕಳೆಯಿತು. 2021ರದ್ದೂ ಎರಡನೇ ಅಲೆಯ ನಿರ್ಬಂಧದಲ್ಲಿ ಹೋಯಿತು. ಸತತ ಎರಡು ಸೀಸನ್.

ಮಳೆಗಾಲಕ್ಕೆ ಕೂಡಿಡುತ್ತಿದ್ದವರು

ಹಾಗಾದರೆ ಉಳಿಸಬೇಕೋ, ಖರ್ಚು ಮಾಡಬೇಕೋ? ಕರಾವಳಿಯ ಹಳೆಯ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಅಟ್ಟದ ಮೇಲೆ ಇತ್ತು. ಮೇ ತಿಂಗಳು ಮುಗಿಯುವುದರೊಳಗೆ ಒಣಮೀನು, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆ, ಅಪ್ಪೆಮಿಡಿ, ಒಣಗಿಸಿದ ಮುರುಗಲು, ಅಕ್ಕಿ ಮುಡಿ ಎಲ್ಲ ತಯಾರು. ದುಡಿಮೆ ನಿಲ್ಲುವ ತಿಂಗಳು ಯಾವುದು ಎಂದು ಮೊದಲೇ ಗೊತ್ತಿತ್ತು, ಅಷ್ಟಕ್ಕೇ ಕೂಡಿಡುತ್ತಿದ್ದರು. ಹಾಗೆ ಕೂಡಿಟ್ಟದ್ದು ಬಾಯಿಗೂ ರುಚಿ. ಹೊರಗೆ ಮಳೆ ಹೊಯ್ಯುವಾಗ ಗಂಜಿಗೆ ಸುಟ್ಟ ಒಣಮೀನು ತಿಂದವರ್ಯಾರೂ ಅದನ್ನು ಕಷ್ಟ ಎಂದು ಹೇಳಲಿಕ್ಕಿಲ್ಲ.

ಇನ್ನೊಂದು ಸಂಗತಿ. ಭಟ್ಕಳದ ಮಾರಿ ಜಾತ್ರೆ ಬರುವುದು ಇದೇ ಮಳೆಗಾಲದಲ್ಲಿ, ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ. ಹಿರಿಯರು ಜಾತ್ರೆಯನ್ನು ದುಡ್ಡು ಬರುವ ತಿಂಗಳಿಗೆ ಮುಂದೂಡಲಿಲ್ಲ. ಹೂವು, ಬಳೆ, ಮಿಠಾಯಿ, ಕೋಳಿ ಮಾರುವವರಿಗೆ ಆ ಎರಡು ದಿನ ಯಾಪಾರ ಆಗುತ್ತಿತ್ತು, ಈಗಲೂ ಆಗುತ್ತದೆ.

ಸರ್ಕಾರದ ಒಂದು ಯೋಜನೆಯೂ ಇದೇ ಲೆಕ್ಕದ ಮೇಲೆ ನಿಂತಿದೆ. ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರ 1,500 ರೂ. ಕಟ್ಟಿದರೆ ಕೇಂದ್ರ, ರಾಜ್ಯ ಸೇರಿ 3,000 ರೂ. ಹಾಕುತ್ತವೆ. ಒಟ್ಟು 4,500 ರೂ. ಮೀನುಗಾರಿಕೆ ಇಲ್ಲದ ದಿನಗಳಿಗಾಗಿ ವಾಪಸ್ ಬರುತ್ತದೆ. ಈಗಿನ ಕಾಲಕ್ಕೆ 4,500 ರೂ. ಎಲ್ಲಿಗೂ ಸಾಲದು, ನಿಜ. ಆದರೆ 1,500 ಹಾಕಿ 4,500 ಪಡೆಯುವ ಲಾಭ ಯಾವ ಬ್ಯಾಂಕಿನಲ್ಲೂ ಇಲ್ಲ. ಅರ್ಹತೆ ಇದ್ದೂ ಕಟ್ಟದವರು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಬಹುದು.

ಅಂಗಡಿಯವರ ಪಿಗ್ಮಿಯೂ ಹುಟ್ಟಿದ್ದು ಇಂಥದ್ದೇ ಕಷ್ಟ ಕಾಲದಲ್ಲಿ, ಪಕ್ಕದ ಉಡುಪಿಯಲ್ಲಿ. ಕೈಮಗ್ಗದವರು ಸಂಕಷ್ಟಕ್ಕೆ ಸಿಕ್ಕಾಗ ಅವರಿಗೆ ನೆರವಾಗಲು ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ 1925ರಲ್ಲಿ ಒಂದು ಬ್ಯಾಂಕ್ ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಪಿಗ್ಮಿ ಶುರುವಾಯಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಕೊಟ್ಟರೂ ಬರೆದುಕೊಂಡು ಹೋಗುತ್ತಿದ್ದ. 2020ರ ಏಪ್ರಿಲ್ 1ರಂದು, ಲಾಕ್‌ಡೌನಿನ ಗಲಾಟೆಯಲ್ಲಿ, ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿ ಹೋಯಿತು. ಪಿಗ್ಮಿ ಮಾತ್ರ ಉಳಿಯಿತು.

ದಿನಕ್ಕೆ 100 ರೂ.ನಂತೆ ತಿಂಗಳಿಗೆ 26 ದಿನ ಕಟ್ಟಿದರೆ ವರ್ಷಕ್ಕೆ 31,200 ರೂ. ಸಣ್ಣ ಅಂಗಡಿಗೆ ಮಳೆಗಾಲದ ಎರಡು ತಿಂಗಳ ಬಾಡಿಗೆ, ಕರೆಂಟ್ ಬಿಲ್ ಇದರಲ್ಲಿ ಕಳೆಯಬಹುದು. ಒಂದೇ ಎಚ್ಚರಿಕೆ, ಅವಧಿಗೆ ಮೊದಲೇ ಮುರಿದರೆ ಬಡ್ಡಿ ಸಿಗದೆ ಇರಬಹುದು, ಕಮಿಷನ್ ಕಡಿತವೂ ಆಗಬಹುದು. ಹಾಗಾಗಿ ಅವಧಿ ಜೂನ್‌ಗೆ ಮುಗಿಯುವ ಹಾಗೆ ಶುರು ಮಾಡುವುದು ಒಳ್ಳೆಯದು.

ಇಡುವ ಜಾಗ ನೋಡಿ ಇಡಿ

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗೆ ವಿಮೆ ಇದೆ. 2020ರ ಫೆಬ್ರವರಿವರೆಗೆ ಇದು 1 ಲಕ್ಷ ಮಾತ್ರ ಇತ್ತು. ಸಹಕಾರಿ ಬ್ಯಾಂಕಿಗೂ ಈ ವಿಮೆ ಅನ್ವಯ. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸೊಸೈಟಿಗಳಿಗೆ ಅನ್ವಯ ಇಲ್ಲ. ಸೊಸೈಟಿ ಎಂದ ಕೂಡಲೇ ಕೆಟ್ಟದ್ದು ಅಂತಲ್ಲ, ಊರಿನ ಎಷ್ಟೋ ಅಂಗಡಿ ನಿಂತಿದ್ದು ಅವುಗಳ ಸಾಲದಿಂದಲೇ. ಆದರೆ ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಸಿಗುತ್ತದೆಂದು ಜೀವಮಾನದ ದುಡ್ಡನ್ನೆಲ್ಲ ಒಂದೇ ಕಡೆ ಸುರಿಯುವ ಮೊದಲು ಇದು ಗೊತ್ತಿರಲಿ.

ಬಡ್ಡಿ ಬೇಡ ಎನ್ನುವವರ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಹಲಾಲ್ ಲಾಭ ಎಂದು ದುಡ್ಡು ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ದೂರು ಕೊಡಲು ಸಾವಿರಾರು ಜನ ಸಾಲು ನಿಂತಿದ್ದರು. ಹಿಂಜರಿತದ ಕಾಲದಲ್ಲೇ ಇಂಥ ಸ್ಕೀಮ್‌ಗಳಿಗೆ ಜನ ಬೀಳುವುದು ಜಾಸ್ತಿ, ಯಾಕೆಂದರೆ ಕಳೆದುಕೊಂಡದ್ದನ್ನು ಬೇಗ ಗಳಿಸುವ ಅವಸರ ಇರುತ್ತದೆ.

ಕತ್ತರಿ ಎಲ್ಲಿಗೆ?

ಒಂದು ಉದಾಹರಣೆ ಹಿಡಿಯೋಣ. ವಾರಕ್ಕೆ ಎರಡು ಸಲ 40 ರೂ. ಹೂವು, ತಿಂಗಳಿಗೆ ಒಂದು ಸಲ ಮನೆಮಂದಿಯೆಲ್ಲ ಹೋಟೆಲಿನಲ್ಲಿ ತಿಂಡಿ 400 ರೂ. ಒಟ್ಟು ತಿಂಗಳಿಗೆ ಸುಮಾರು 720 ರೂ. ವರ್ಷಕ್ಕೆ 8,640. ಅದೇ ಮನೆಯಲ್ಲಿ ಹಳೆಯ ಫೋನ್ ಸರಿ ಇದ್ದರೂ ಹೊಸದಕ್ಕೆ ತಿಂಗಳಿಗೆ 2,500 ರೂ. ಇಎಂಐ. ವರ್ಷಕ್ಕೆ 30,000. ಹೂವು ನಿಲ್ಲಿಸಿದವರು ಫೋನ್ ನಿಲ್ಲಿಸಲಿಲ್ಲ.

ಈ ಎರಡು ಖರ್ಚಿಗೆ ಇನ್ನೊಂದು ವ್ಯತ್ಯಾಸವೂ ಇದೆ. ಭಟ್ಕಳ ಮಲ್ಲಿಗೆ ಬೆಳೆಯುವುದು ಸುತ್ತಲಿನ ಹಳ್ಳಿಯ ಮನೆಯಂಗಳದಲ್ಲಿ. ಕೊಯ್ದು ಕಟ್ಟುವುದು ಹೆಚ್ಚಾಗಿ ಹೆಂಗಸರು. ಆ 40 ರೂ. ಸಂಜೆಯೊಳಗೆ ಊರಿನ ಕಿರಾಣಿ ಅಂಗಡಿ ತಲುಪುತ್ತದೆ. ಫೋನಿನ ದುಡ್ಡು ಮರುದಿನವೇ ಘಟ್ಟ ಹತ್ತಿರುತ್ತದೆ.

ಸಾಲದ ಮೇಲಿನ ಖರ್ಚು ಕಷ್ಟ ಕಾಲದಲ್ಲಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ 2020ರ ಮೊರಟೋರಿಯಂ ಸಾಕ್ಷಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಕಟ್ಟುವುದು ಬೇಡ ಎಂದಾಗ ಮಾಫಿ ಆಯಿತೆಂದು ನಂಬಿದವರು ಎಷ್ಟೋ ಮಂದಿ. ಬಡ್ಡಿ ಓಡುತ್ತಲೇ ಇತ್ತು, ಕಂತುಗಳ ಸಂಖ್ಯೆ ಹೆಚ್ಚಾಯಿತು. ಕ್ರೆಡಿಟ್ ಕಾರ್ಡ್ ಬಾಕಿಗೆ ತಿಂಗಳಿಗೆ ಶೇ.3ರ ಮೇಲೆ ಬಡ್ಡಿ ಬೀಳುವಾಗ ಅದನ್ನು ಹಾಗೇ ಬಿಟ್ಟು ಆರ್.ಡಿ. ಕಟ್ಟುವುದೂ ಲೆಕ್ಕಕ್ಕೆ ಬರದ ಉಳಿತಾಯ. ಮೊದಲು ಆ ಬಾಕಿ ತೀರಲಿ.

ಸಂತೋಷಕ್ಕೆ ಇಲ್ಲಿ ದುಡ್ಡು ಅಷ್ಟೇನೂ ಬೇಡ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಇಡಗುಂಜಿಗೆ ಹೋಗಿ ಬರಬಹುದು, ಗೋಕರ್ಣಕ್ಕೆ ಹೋಗಬಹುದು, ಕಾಸರಕೋಡಿನ ಕಡಲ ತೀರದಲ್ಲಿ ಸಂಜೆ ಕಳೆಯಬಹುದು. ದೂರದೂರಿನವರು ಸಾವಿರಗಟ್ಟಲೆ ಕೊಟ್ಟು ನೋಡಲು ಬರುವ ಸಮುದ್ರ ನಮಗೆ ಹಿತ್ತಲಿನಲ್ಲಿದೆ. ಬಯಲಾಟದ ಸೀಸನ್‌ನಲ್ಲಿ ರಾತ್ರಿಯಿಡೀ ಆಟ, ಪಕ್ಕದಲ್ಲಿ ಚಾ, ಬಜ್ಜಿ, ಚುರುಮುರಿ. ಆ ಚುರುಮುರಿಯವನ ಹತ್ತಿರ ಚೌಕಾಸಿ ಮಾಡುವುದು ಬೇಡ.

ಅಂಗಡಿಯವರಿಗೂ ಒಂದು ಮಾತು. ಯಾಪಾರ ಇಲ್ಲ ಎಂದು ಮೊದಲು ಕೆಲಸದ ಹುಡುಗರನ್ನು ಬಿಡಿಸಿದರೆ ಸೀಸನ್ ಬಂದಾಗ ಗಿರಾಕಿಗಳ ಮುಖ ಗೊತ್ತಿರುವವರು ಸಿಗುವುದಿಲ್ಲ. ಆನ್‌ಲೈನ್‌ಗೆ ಬೈದು ಪ್ರಯೋಜನವಿಲ್ಲ. ಆನ್‌ಲೈನ್ ಕೊಡಲಾಗದ್ದು ಉದ್ರಿ. ಅದಕ್ಕೆ ಒಂದು ಮಿತಿ ಹಾಕಿ, ಪುಸ್ತಕದಲ್ಲಿ ತಾರೀಕು ಬರೆದು ಕೊಟ್ಟರೆ ಗಿರಾಕಿ ಉಳಿಯುತ್ತಾನೆ, ಅಂಗಡಿಯೂ ಉಳಿಯುತ್ತದೆ. ಮಿತಿ ಇಲ್ಲದ ಉದ್ರಿಯಿಂದ ಅಂಗಡಿಯೂ ಹೋಗಿ, ಸ್ನೇಹವೂ ಹೋದ ಕತೆ ಪ್ರತಿ ಪೇಟೆಯಲ್ಲೂ ಒಂದಾದರೂ ಇದೆ.

ಆಗಸ್ಟ್ 1ಕ್ಕೆ ನಿಷೇಧ ಮುಗಿಯುತ್ತದೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಆಗುತ್ತದೆ. ಕಡಲು ತಣ್ಣಗಿದ್ದರೆ ಬೋಟ್‌ಗಳು ಹೊರಡುತ್ತವೆ. ಬಂದರಿನ ಹತ್ತಿರದ ಕಿರಾಣಿ ಅಂಗಡಿಗಳಲ್ಲಿ ಜೂನ್, ಜುಲೈನ ಉದ್ರಿ ಪುಟಗಳಿಗೆ ಗೆರೆ ಎಳೆಯುವುದು ಆಗಲೇ.