ಬೇರು ಕಡಿಯದ ನಂಬಿಕೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರವೂ ನೀರು. ಶಾಂತಿಸಾಗರ ಎಂಬುದು ಇದರ ಇನ್ನೊಂದು ಹೆಸರು. ಈ ಕೆರೆಗೊಂದು ಐತಿಹ್ಯವಿದೆ. ವಿಕ್ರಮರಾಯನೆಂಬ ಅರಸನ ಮಗಳು ಶಾಂತವ್ವ ತಂದೆಗೆ ಒಪ್ಪಿಗೆಯಾಗದ ಪ್ರೇಮಕ್ಕೆ ಸಿಲುಕಿದಳಂತೆ. ಸಿಟ್ಟಿಗೆದ್ದ ತಂದೆ ಮಗಳನ್ನು ಹೀನ ಮಾತಿನಿಂದ ಹಳಿದ. ನೊಂದ ಶಾಂತವ್ವ ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸಲು ಹೊರಟಳು. ಕೆರೆಗೆ ಬೇಕಾದ ನೆಲ ಸೂಳೆಯರದಾಗಿತ್ತು. ತಮ್ಮ ಹೆಸರನ್ನೇ ಇಡಬೇಕೆಂಬ ಕರಾರಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು. ಕಥೆ ನಿಜವೋ ಕಟ್ಟಿದ್ದೋ, ಅದರ ತಿರುಳು ದೊಡ್ಡದು. ಒಬ್ಬಳ ಮನಸ್ಸಿನ ನೋವು ಊರೂರಿಗೆ ನೀರಾಯಿತು.

ಕ್ರೈಸ್ತ ಧರ್ಮ ಹೇಳುವ ಮನಪರಿವರ್ತನೆಯ ತಿರುಳೂ ಇದಕ್ಕೆ ದೂರದ್ದಲ್ಲ. ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಭಾಷೆಯಲ್ಲಿ ಇದಕ್ಕೆ ಬಳಸಿರುವ ಪದ 'ಮೆಟನೋಯಿಯ'. ಮನಸ್ಸು ಬೇರೆ ದಿಕ್ಕಿಗೆ ತಿರುಗುವುದು ಎಂದು ಅದರ ಭಾವ. ಬರೀ ಅತ್ತು ಸುಮ್ಮನಾಗುವುದಲ್ಲ. ಸುಂಕದವನಾದ ಜಕ್ಕಾಯನ ಕಥೆಯನ್ನು ಲೂಕನ ಸುವಾರ್ತೆ ಹೇಳುತ್ತದೆ. ಯೇಸು ಅವನ ಮನೆಗೆ ಅತಿಥಿಯಾಗಿ ಹೋದ ದಿನ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡಲು ಮುಂದಾದ. ಮೋಸದಿಂದ ಪಡೆದಿದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವುದಾಗಿ ಹೇಳಿದ. ಅವನ ನಂಬಿಕೆ ಮೊದಲು ಕಾಣಿಸಿಕೊಂಡದ್ದು ಹಣದ ಚೀಲದಲ್ಲಿ!

ಆದರೆ ಹೆತ್ತವರಿಗೆ ಒಂದು ಅಳುಕು ಇದ್ದೇ ಇರುತ್ತದೆ. ನಂಬಿಕೆ ಮಕ್ಕಳನ್ನು ಬದಲಿಸುತ್ತದೆ ಎಂದರೆ, ಅವರು ಮನೆಯನ್ನೂ ನುಡಿಯನ್ನೂ ನೆರೆಹೊರೆಯನ್ನೂ ಬಿಟ್ಟು ದೂರ ಹೋಗಿಬಿಡುತ್ತಾರೆಯೇ? ಈ ಪ್ರಶ್ನೆಗೆ ಕನ್ನಡ ನಾಡಿನ ಇಬ್ಬರ ಬದುಕು ಎರಡು ಬಗೆಯ ಉತ್ತರ ಕೊಡುತ್ತದೆ.

ಬಾಗಿಲು ಮುಚ್ಚಿದ ಮನೆ

ಮೊದಲನೆಯವರು ಮಂಗಳೂರಿನ ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣ ಮನೆತನದ ಈ ತರುಣ ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಅವರ ಶಿಷ್ಯ. 1844ರ ಜನವರಿಯಲ್ಲಿ ಕೌಂಡಿನ್ಯರು ದೀಕ್ಷಾಸ್ನಾನ ಪಡೆದು, ಗುರುವಿನ ಹೆಸರಾದ ಹರ್ಮನ್ ಎಂಬುದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಜಾತಿ ಬಿಟ್ಟುಹೋಯಿತು, ಬಂಧುಗಳು ದೂರವಾದರು. ಮದುವೆಯಾಗಿದ್ದ ಪತ್ನಿಯೂ ಜೊತೆಗೆ ಬಾಳಲು ಬರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಓದಿ, 1851ರಲ್ಲಿ ಬೋಧಕ ದೀಕ್ಷೆ ಪಡೆದು ಅವರು ಊರಿಗೆ ಮರಳಿದರು. ಮುಂದೆ ಕೊಡಗಿನಲ್ಲಿ ಮುಟ್ಟಿಸಿಕೊಳ್ಳದವರೆಂದು ದೂರವಿಟ್ಟಿದ್ದ ದುಡಿಯುವ ಜನರಿಗಾಗಿ ಒಂದು ನೆಲೆ ಮೂಡಿತು. ಅದರ ನೆಲಕ್ಕೆ ತಮ್ಮ ಸ್ವಂತ ಹಣ ಹಾಕಿದವರು ಕೌಂಡಿನ್ಯರು. ಆ ಊರಿಗೆ ಆನಂದಪುರ ಎಂಬ ಹೆಸರು ಬಂತು. ಯಾರ ನೆರಳೂ ಸೋಕಬಾರದೆಂದು ಹುಟ್ಟಿನಿಂದ ಕಲಿತಿದ್ದರೋ ಅಂಥವರ ಬದುಕಿಗೇ ತಮ್ಮ ಬದುಕನ್ನು ಕಟ್ಟಿಕೊಂಡರು. ನಂಬಿಕೆ ಅವರೊಳಗೆ ಮುರಿದದ್ದು ಈ ಗೋಡೆಯನ್ನು.

ಹಾಗೆಂದು ಮನೆಯವರ ನೋವು ಸುಳ್ಳಲ್ಲ. ಮಗನೊಬ್ಬ ಬೇರೆ ದಾರಿ ಹಿಡಿದಾಗ ಹೆತ್ತ ಕರುಳು ಮರುಗುವುದು ಸಹಜ. ಕೌಂಡಿನ್ಯರ ಕಾಲದಲ್ಲಿ ಈ ನೋವಿಗೂ ಆ ನಂಬಿಕೆಗೂ ನಡುವೆ ಸೇತುವೆ ಇರಲಿಲ್ಲ. ಅಂಥ ಸೇತುವೆಯನ್ನು ಕಟ್ಟಲು ಇನ್ನೊಬ್ಬರು ಬರಬೇಕಾಯಿತು.

ಹೊಳೆಯ ಕೆಳಗಿನ ಊರು

ಸೂಳೆಕೆರೆಯ ಹರಿದ್ರಾ ಹಳ್ಳ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹರಿಹರೇಶ್ವರನ ಈ ಊರಿನಲ್ಲಿಯೇ ಆರೋಗ್ಯ ಮಾತೆಯ ಚರ್ಚ್ ಇದೆ. ಪ್ರತಿ ವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಬೇರೆ ಬೇರೆ ಧರ್ಮದವರು ಸೇರುತ್ತಾರೆ. ಅಲ್ಲಿಂದ ಮುಂದೆ ಹರಿಯುವ ತುಂಗಭದ್ರೆ ಹೂವಿನಹಡಗಲಿ ಸೀಮೆಯನ್ನು ಮುಟ್ಟುತ್ತದೆ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಆ ತಾಲ್ಲೂಕಿನ ಒಂದು ಹಳ್ಳಿ ಉತ್ತಂಗಿ. ರೆವರೆಂಡ್ ಉತ್ತಂಗಿ ಚನ್ನಪ್ಪನವರ ಮನೆತನಕ್ಕೆ ಹೆಸರು ಬಂದದ್ದು ಈ ಹಳ್ಳಿಯಿಂದ.

ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ದೇವಜ್ಞಾನ ಶಾಸ್ತ್ರ ಓದಿ ಬೋಧಕರಾದರು. ಕ್ರೈಸ್ತ ನಂಬಿಕೆ ಅವರಿಗೆ ಮನೆಯಲ್ಲೇ ಸಿಕ್ಕಿತ್ತು. ಕೌಂಡಿನ್ಯರಂತೆ ಒಂದೇ ದಿನದಲ್ಲಿ ದಾರಿ ತಿರುಗಿದ ಕಥೆ ಇವರದಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಸ್ಥಿತಿಯೂ ಇದೇ ಅಲ್ಲವೇ? ಧರ್ಮ ಯಾವುದೇ ಇರಲಿ, ಅದು ಅಪ್ಪ ಅಮ್ಮನಿಂದ ಬಂದದ್ದು. ಹಾಗೆ ಬಂದದ್ದನ್ನು ತನ್ನದಾಗಿ ಮಾಡಿಕೊಳ್ಳುವುದೇ ಕಷ್ಟದ ಕೆಲಸ.

ಚನ್ನಪ್ಪನವರು ಆ ಕೆಲಸ ಮಾಡಿದ ರೀತಿ ಬೇರೆಯವರು ನಿರೀಕ್ಷಿಸುವಂಥದ್ದಲ್ಲ. ಕ್ರಿಸ್ತನನ್ನು ಪ್ರೀತಿಸಿದಷ್ಟೂ ಅವರಿಗೆ ನೆರೆಯವರ ಗುಡಿಸಲು, ಮಠ, ಓಲೆಗರಿಗಳ ಮೇಲೆ ಪ್ರೀತಿ ಹೆಚ್ಚಿತು. ಜನರ ಬಾಯಲ್ಲಿದ್ದ, ಹಳೆಯ ಕಟ್ಟುಗಳಲ್ಲಿ ಚದುರಿ ಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಹುಡುಕಿದರು. ಪಾಠಗಳನ್ನು ಒಂದಕ್ಕೊಂದು ಹೋಲಿಸಿ, ವಿಷಯವಾರು ಜೋಡಿಸಿ 1924ರಲ್ಲಿ 'ಸರ್ವಜ್ಞನ ವಚನಗಳು' ಪ್ರಕಟಿಸಿದರು. ಶಾಲೆಯಲ್ಲಿ ಸರ್ವಜ್ಞನನ್ನು ಬಾಯಿಪಾಠ ಮಾಡುವ ಮಕ್ಕಳು ಒಬ್ಬ ಕ್ರೈಸ್ತ ಬೋಧಕರ ದುಡಿಮೆಗೆ ಋಣಿಗಳು ಎಂಬುದು ಎಷ್ಟು ಮಂದಿಗೆ ಗೊತ್ತು?

ಅಲ್ಲಿಗೇ ನಿಲ್ಲಲಿಲ್ಲ. ಶರಣರು ಕೂಡಿದ ಅನುಭವಮಂಟಪ ನಿಜಕ್ಕೂ ಇತ್ತೇ ಎಂಬ ಚರ್ಚೆ ವಿದ್ವಾಂಸರಲ್ಲಿ ಎದ್ದಾಗ, ಇತ್ತು ಎಂದು ಆಧಾರ ಕೊಟ್ಟು ವಾದಿಸಿದವರಲ್ಲಿ ಚನ್ನಪ್ಪನವರು ಮುಖ್ಯರು. 'ಅನುಭವಮಂಟಪದ ಐತಿಹಾಸಿಕತೆ' ಎಂಬುದು ಅವರ ಪುಸ್ತಕದ ಹೆಸರು. ಸಿದ್ಧರಾಮನ, ಆದಯ್ಯನ ವಚನಗಳ ಸಂಪಾದನೆಯಲ್ಲೂ ಅವರ ಕೈ ಇದೆ.

ಎರಡೂ ಕಡೆಯ ಸಂದೇಹ

ಕ್ರೈಸ್ತ ಬೋಧಕನಿಗೆ ವಚನಗಳ ಗೊಡವೆ ಏಕೆ? ವಚನ ಓದುವವನಿಗೆ ಶಿಲುಬೆ ಏಕೆ? ಇಂಥ ಸಂದೇಹ ಎರಡೂ ಕಡೆ ಏಳುವುದು ಸಹಜ. ಚನ್ನಪ್ಪನವರ ಉತ್ತರ ಅವರ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಪುಸ್ತಕದ ಹೆಸರಿನಲ್ಲಿಯೇ ಇದೆ. ಯೇಸು ಹುಟ್ಟಿದ ಊರು ಕಾಶಿಗೆ ಅಪ್ಪಣೆ ಮಾಡುತ್ತಿಲ್ಲ, ವಿನಂತಿ ಮಾಡುತ್ತಿದೆ! ಕ್ರಿಸ್ತನನ್ನು ಒಪ್ಪುವ ಭಾರತೀಯ ತನ್ನ ಹಿರಿಯರು ಗಳಿಸಿಟ್ಟ ಜ್ಞಾನವನ್ನು ಎಸೆಯಬೇಕಾಗಿಲ್ಲ, ಆ ಜ್ಞಾನವೇ ಅವನನ್ನು ಕ್ರಿಸ್ತನ ಬಳಿಗೆ ನಡೆಸಬಲ್ಲದು ಎಂಬುದು ಅವರ ನಿಲುವು. ಮಿಷನ್ನಿನ ವಲಯದಲ್ಲಿ ಎಲ್ಲರಿಗೂ ರುಚಿಸುವ ಮಾತಲ್ಲ ಇದು. ಆದರೂ ಅವರು ಬೋಧಕ ವೃತ್ತಿಯನ್ನೂ ಬಿಡಲಿಲ್ಲ, ವಚನಗಳನ್ನೂ ಬಿಡಲಿಲ್ಲ.

ನಾಡು ಅವರನ್ನು ಪರಕೀಯರೆಂದು ಕಾಣಲಿಲ್ಲ. 1949ರಲ್ಲಿ ಗುಲಬರ್ಗಾದಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರನ್ನು ಜನ ಗುರುತಿಸುವುದು 'ತಿರುಳ್ಗನ್ನಡದ ತಿರುಕ' ಎಂದು. ಕೊನೆಗಾಲವನ್ನು ಹಿರಿಯರ ಸೀಮೆಯಾದ ಹೂವಿನಹಡಗಲಿಯಲ್ಲಿ ಕಳೆದು 1962ರಲ್ಲಿ ತೀರಿಕೊಂಡರು.

ಮಕ್ಕಳಿಗೂ ಹೆತ್ತವರಿಗೂ

ಕೌಂಡಿನ್ಯರ ಬದುಕು ಅಡ್ಡದಾರಿ ಕೂಡುವಲ್ಲಿ ತಟ್ಟನೆ ತಿರುಗಿದ ಬಂಡಿಯಂತೆ. ಚನ್ನಪ್ಪನವರದು ಮೆಲ್ಲಗೆ ನೆಲಕ್ಕಿಳಿದ ಮಳೆಯಂತೆ. ಬಗೆ ಬೇರೆ, ಫಲ ಒಂದೇ. ಒಬ್ಬರಿಗೆ ದೂರವಿದ್ದ ಮನುಷ್ಯರು ಹತ್ತಿರವಾದರು. ಇನ್ನೊಬ್ಬರಿಗೆ ನೆರೆಯವರ ಸಂಪತ್ತು ತನ್ನದೇ ಆಯಿತು.

ವಿದ್ಯಾರ್ಥಿಗಳು ಇದರಿಂದ ತಿಳಿಯಬೇಕಾದದ್ದು ಒಂದಿದೆ. ನಂಬಿಕೆ ಬದುಕನ್ನು ಬದಲಿಸಿತು ಎಂದು ಯಾರಾದರೂ ಹೇಳಿದರೆ, ಅವರ ಮಾತಿನ ಬಿಸಿಯನ್ನು ಅಳೆಯಬೇಡಿ. ಸುಳ್ಳು ಕಡಿಮೆಯಾಯಿತೇ? ಕೀಳೆಂದು ಕಂಡವರ ಜೊತೆ ಕೂತು ಉಣ್ಣಲು ಮನಸ್ಸು ಬಂತೇ? ಹಿಡಿದ ಕೆಲಸವನ್ನು ವರ್ಷಗಟ್ಟಲೆ ಬಿಡದೆ ಮಾಡುವ ತಾಳ್ಮೆ ಬಂತೇ? ಇವನ್ನು ಕೇಳಿ. ಅದಕ್ಕೂ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.

ಹೆತ್ತವರಿಗೆ ಶಾಂತವ್ವನ ಐತಿಹ್ಯವೇ ಸಾಕು. ಮಗಳ ಮನಸ್ಸು ಬೇರೆ ಕಡೆ ತಿರುಗಿತೆಂದು ತಂದೆ ಆಡಿದ ಒಂದು ಮಾತು ಅವಳನ್ನು ಮನೆಯಿಂದ ದೂರ ಮಾಡಿತು. ಮಕ್ಕಳು ನಂಬಿಕೆಯ ವಿಷಯ ಎತ್ತಿದಾಗ ಹಳಿಯುವ ಮೊದಲು ಕೂತು ಕೇಳುವುದು ಒಳ್ಳೆಯದು. ಒಪ್ಪಲೇಬೇಕೆಂದಿಲ್ಲ, ಬಾಗಿಲು ತೆರೆದಿದ್ದರೆ ಸಾಕು. ಸೂಳೆಕೆರೆಯ ನೀರು ಹೊಲದ ಒಡೆಯನ ಜಾತಿಯನ್ನೂ ಧರ್ಮವನ್ನೂ ಕೇಳಿ ಹರಿಯುವುದಿಲ್ಲ. ನಿಜವಾದ ನಂಬಿಕೆ ಹರಿಯಬೇಕಾದದ್ದೂ ಹಾಗೆಯೇ.